ಈಸೂರಿನಲ್ಲಿ ಟ್ರಾಮ್ ಓಡಿಸಿದವರು

ಮಾನ್ಯ ಸಂಪಾದಕರೇ,

ಮೊನ್ನೆ ಸ್ವಾತಂತ್ರ್ಯೋತ್ಸವದ ವಾರ ನಮ್ಮೂರಿನ ಒಂದು ಸಭಾಂಗಣದಲ್ಲಿ ಸ್ವಾತಂತ್ರ್ಯ ಹೋರಾಟದ ಮೇಲೆ ಒಂದು ಸಾಕ್ಷ್ಯಚಿತ್ರ ತೋರಿಸಿದರು. ಸುಮಾರು ನಲವತ್ತು ನಿಮಿಷದ್ದು. ಯಾರು ಮಾಡಿದ್ದು, ಯಾರು ತೋರಿಸಿದ್ದು ಅನ್ನುವುದು ಇಲ್ಲಿ ಬೇಡ. ಅವರ ಉದ್ದೇಶ ಒಳ್ಳೆಯದೇ ಇತ್ತು. ಶಾಲೆ ಮಕ್ಕಳನ್ನು ಕರೆತಂದು ಕೂರಿಸಿದ್ದರು. ಕೊನೆಗೆ ಎಲ್ಲರಿಗೂ ಲಾಡು ಕೊಟ್ಟರು, ನಾನೂ ತಿಂದೆ. ತಿಂದ ಮೇಲೆ ದೂರುವುದು ಸರಿಯಲ್ಲ ಅಂತ ನಾಲ್ಕು ದಿನ ಸುಮ್ಮನಿದ್ದೆ. ಆಗಲಿಲ್ಲ, ಅದಕ್ಕೇ ಈ ಪತ್ರ.

ಚಿತ್ರದಲ್ಲಿ ನಮ್ಮ ಜಿಲ್ಲೆಯ ಈಸೂರಿನ ಕತೆ ಬಂತು. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಅಂತ ಗಡಸು ದನಿಯಲ್ಲಿ ಯಾರೋ ಹೇಳಿದರು. ಹಿಂದೆ ನಗಾರಿ, ಕಹಳೆ. ತೆರೆ ಮೇಲೆ ಕಪ್ಪು ಬಿಳುಪಿನಲ್ಲಿ ದೊಡ್ಡ ಮೆರವಣಿಗೆ. ಸಾವಿರಾರು ಬಿಳಿ ಟೋಪಿ, ಎರಡೂ ಬದಿ ಮೂರು ಮಾಳಿಗೆಯ ಕಟ್ಟಡಗಳು. ಪಕ್ಕದಲ್ಲಿ ಕೂತಿದ್ದ ನನ್ನ ಮೊಮ್ಮಗ ಮೊಣಕೈಯಲ್ಲಿ ತಿವಿದು ಕೇಳಿದ, ‘ಅಜ್ಜ, ಈಸೂರಲ್ಲಿ ಆಗ ರೈಲು ಇತ್ತಾ?’

ನೋಡಿದರೆ ಹೌದು, ಜನರ ಮಧ್ಯೆ ಒಂದು ಟ್ರಾಮ್ ಗಾಡಿ ನಿಂತಿದೆ! ಅದು ಬೊಂಬಾಯಿಯ ಮೆರವಣಿಗೆ. ಶಿಕಾರಿಪುರ ತಾಲ್ಲೂಕಿನ ಈಸೂರಿಗೆ ಟ್ರಾಮ್ ತಂದವರು ಇವರೇ ಮೊದಲು.

ನಾನು ಇತಿಹಾಸ ಓದಿದವನಲ್ಲ. ಸಾಗರದಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ಮದುವೆ, ಮುಂಜಿ, ಗೃಹಪ್ರವೇಶ, ತೊಟ್ಟಿಲು ಕಾರ್ಯದ ವೀಡಿಯೋ ತೆಗೆದು ಹೊಟ್ಟೆ ಹೊರೆದವನು. 1987ರಲ್ಲಿ ಶುರು ಮಾಡಿದೆ. ಹೆಗಲ ಮೇಲೆ ಹೊರುವ ದೊಡ್ಡ ವಿಎಚ್‌ಎಸ್ ಕ್ಯಾಮೆರಾ, ಸೊಂಟಕ್ಕೆ ಬ್ಯಾಟರಿ, ಹಿಂದೆ ಲೈಟ್ ಹಿಡಿದುಕೊಂಡು ಬರಲು ಒಬ್ಬ ಹುಡುಗ. ಊಟದ ಪಂಕ್ತಿಗೆ ಆ ಲೈಟ್ ಬಿಟ್ಟರೆ ತಿನ್ನುವವರ ಅನ್ನ ಗಂಟಲಲ್ಲೇ ನಿಲ್ಲುತ್ತಿತ್ತು. ಹಾಗಾಗಿ ಸಾಕ್ಷ್ಯಚಿತ್ರದ ಶಾಸ್ತ್ರ ನನಗೆ ಗೊತ್ತಿಲ್ಲ. ಕ್ಯಾಮೆರಾ ಎಲ್ಲಿ ಸುಳ್ಳು ಹೇಳುತ್ತದೆ ಅನ್ನುವುದು ಮಾತ್ರ ಗೊತ್ತು. ನಾನೂ ಹೇಳಿಸಿದ್ದೇನೆ. ಮುಹೂರ್ತದ ಗಳಿಗೆ ತಪ್ಪಿಹೋಗಿ, ಆಮೇಲೆ ಇನ್ನೊಂದು ಸಲ ತಾಳಿ ಹಿಡಿಸಿ ತೆಗೆದದ್ದುಂಟು. ಆದರೆ ಒಬ್ಬರ ಮದುವೆಗೆ ಇನ್ನೊಬ್ಬರ ದಿಬ್ಬಣ ಸೇರಿಸಿದವನಲ್ಲ.

ಈಸೂರಿನಲ್ಲಿ ನಡೆದದ್ದು ಸಣ್ಣ ಸಂಗತಿಯಲ್ಲ. 1942ರಲ್ಲಿ, ಕ್ವಿಟ್ ಇಂಡಿಯಾ ಚಳವಳಿ ಶುರುವಾದ ಮೇಲೆ, ಒಂದು ಹಳ್ಳಿ ತಾನು ಸ್ವತಂತ್ರ ಅಂತ ಸಾರಿಕೊಂಡಿತು. ವೀರಭದ್ರೇಶ್ವರ ದೇವಸ್ಥಾನದ ಮೇಲೆ ಬಾವುಟ ಏರಿಸಿದರು. ದೊಡ್ಡವರನ್ನಾದರೆ ಹಿಡಿದು ಜೈಲಿಗೆ ಹಾಕುತ್ತಾರೆ ಅಂತ ಹುಡುಗರನ್ನೇ ಅಮಲ್ದಾರ (ಈಗಿನ ತಹಶೀಲ್ದಾರ), ಸಬ್‌ಇನ್‌ಸ್ಪೆಕ್ಟರ್ ಮಾಡಿದರು. ಆಮೇಲೆ ನಿಜವಾದ ಅಮಲ್ದಾರರು, ಪೊಲೀಸರು ಬಂದರು, ಗಲಾಟೆಯಾಯಿತು, ಅಮಲ್ದಾರ ಮತ್ತು ಸಬ್‌ಇನ್‌ಸ್ಪೆಕ್ಟರ್ ಇಬ್ಬರೂ ಸತ್ತರು. ಅದರ ಹಿಂದೆಯೇ ಊರಿನ ಮೇಲೆ ದಾಳಿ, ಲೂಟಿ, ಬೆಂಕಿ. ಜನ ಕಾಡು ಸೇರಿದರು. 1943ರ ಮಾರ್ಚಿನಲ್ಲಿ ಐದು ಮಂದಿಯನ್ನು ಗಲ್ಲಿಗೇರಿಸಿದರು. ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಹಾಲಪ್ಪ, ಶಂಕರಪ್ಪ. ನಡೆದದ್ದು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ. ಇವತ್ತು ಪ್ರತಿಭಟನೆ ಮಾಡಲು ಎಲ್ಲರೂ ಹೋಗಿ ಕೂರುವ ಫ್ರೀಡಂ ಪಾರ್ಕ್ ಅದೇ ಜಾಗ.

ಇದೆಲ್ಲ ನಡೆಯುವಾಗ ಆ ಹಳ್ಳಿಗೆ ಮೂವಿ ಕ್ಯಾಮೆರಾ ಹೊತ್ತುಕೊಂಡು ಹೋಗುವವರು ಯಾರಿದ್ದರು ಹೇಳಿ? ಇಲ್ಲ ಅಂದರೆ ಇಲ್ಲ ಅಂತ ತೋರಿಸಬೇಕು. ಆ ದೇವಸ್ಥಾನ ಈಗಲೂ ಇದೆ. ಅದರ ಎದುರು ಒಂದು ನಿಮಿಷ ಕ್ಯಾಮೆರಾ ಅಲ್ಲಾಡಿಸದೆ ಇಟ್ಟು, ಆ ಐದು ಹೆಸರುಗಳನ್ನು ನಿಧಾನಕ್ಕೆ ಓದಿದ್ದರೆ ಸಾಕಿತ್ತು. ಸಭೆಯಲ್ಲಿದ್ದ ಮಕ್ಕಳಿಗೆ ಹುಡುಗ ಅಮಲ್ದಾರನ ಕತೆಯೊಂದನ್ನೇ ಹೇಳಿದ್ದರೂ ಸಾಕಿತ್ತು, ಅವರು ಮನೆಗೆ ಹೋಗಿ ಅಮಲ್ದಾರ ಪೊಲೀಸ್ ಆಟ ಆಡುತ್ತಿದ್ದರು. ಬೊಂಬಾಯಿಯ ಜನ ಯಾಕೆ ಬೇಕಿತ್ತು? ಆ ಮೆರವಣಿಗೆಯಲ್ಲಿ ನಡೆದವರೂ ಯಾವುದೋ ಒಂದು ದಿನ, ಯಾವುದೋ ಒಂದು ಕಾರಣಕ್ಕೆ ಹೊಡೆತ ತಿಂದವರೇ ಅಲ್ವಾ? ಅವರ ದಿನವನ್ನೂ ಕಿತ್ತುಕೊಂಡ ಹಾಗಾಯಿತು.

ಹಳೇ ರೀಲು ಅಂದರೆ ಸುಮ್ನೆ ಸಿಗುವ ವಸ್ತು ಅಂತ ಈಗಿನವರು ತಿಳಿದಿದ್ದಾರೆ. ಗಾಂಧೀಜಿಯನ್ನೇ ತೆಗೆದುಕೊಳ್ಳಿ. ಎ.ಕೆ. ಚೆಟ್ಟಿಯಾರ್ ಅಂತ ತಮಿಳಿನವರೊಬ್ಬರಿದ್ದರು. 1937ರಲ್ಲಿ ಹಡಗಿನಲ್ಲಿ ಹೋಗುತ್ತಿದ್ದಾಗ ಅವರಿಗೆ ಗಾಂಧಿಯ ಮೇಲೆ ಸಾಕ್ಷ್ಯಚಿತ್ರ ಮಾಡುವ ಹುಚ್ಚು ಹತ್ತಿತು. ಗಾಂಧಿಯ ಎದುರು ಹೊಸದಾಗಿ ಕ್ಯಾಮೆರಾ ಇಡುವುದಷ್ಟೇ ಅವರ ಯೋಚನೆಯಾಗಿರಲಿಲ್ಲ. ಅಲ್ಲಿಯವರೆಗೆ ಯಾರು ಯಾರು ಎಲ್ಲೆಲ್ಲಿ ಗಾಂಧಿಯನ್ನು ಚಿತ್ರೀಕರಿಸಿದ್ದಾರೋ ಅವರನ್ನೆಲ್ಲ ಹುಡುಕಿಕೊಂಡು ದೇಶ ದೇಶ ಸುತ್ತಿದರು. ಹೀಗೆ ಕೂಡಿಸಿದ್ದು ಸುಮಾರು 50,000 ಅಡಿ ಫಿಲಂ. ನಮ್ಮ ಲೆಕ್ಕದಲ್ಲಿ 35 ಎಂಎಂ ಫಿಲಂ ಸಾವಿರ ಅಡಿಗೆ ಹನ್ನೊಂದು ನಿಮಿಷ, ಅಂದರೆ ಒಂಬತ್ತು ತಾಸಿನ ಆಸುಪಾಸು. ಅದರಿಂದ ಆರಿಸಿ 1940ರಲ್ಲಿ ತಮಿಳಿನಲ್ಲಿ ಚಿತ್ರ ತೆರೆಗೆ ತಂದರು. ಇಷ್ಟೆಲ್ಲ ಆದ ಮೇಲೆ ಆ ಚಿತ್ರವೇ ದಶಕಗಟ್ಟಲೆ ಯಾರ ಕಣ್ಣಿಗೂ ಬೀಳಲಿಲ್ಲ. ತುಂಬಾ ವರ್ಷದ ಮೇಲೆ ಚಿಕ್ಕದು ಮಾಡಿದ ಒಂದು ಇಂಗ್ಲಿಷ್ ಪ್ರತಿ ಅಮೆರಿಕದಲ್ಲಿ ಸಿಕ್ಕಿತು. ಗಾಂಧಿಯ ಚಿತ್ರಕ್ಕೇ ಈ ಗತಿ!

ಗಾಂಧಿ ಮಾತಾಡುವ ಮೊದಲ ರೀಲು 1931ರದ್ದು. ಅಮೆರಿಕದ ಸುದ್ದಿಚಿತ್ರದವರು ಗುಜರಾತಿನ ಬೋರ್ಸದ್‌ಗೆ ಬಂದು ತೆಗೆದದ್ದು. ನೀವೂ ಮೊಬೈಲಿನಲ್ಲಿ ನೋಡಿರಬಹುದು. ನನಗೆ ಅದರಲ್ಲಿ ಇಷ್ಟವಾದದ್ದು ಗಾಂಧಿ ಏನು ಹೇಳಿದರು ಅನ್ನುವುದಲ್ಲ. ಕೇಳುವವನು ಉದ್ದುದ್ದ ಕೇಳುತ್ತಾನೆ, ಇವರು ಎರಡೇ ಮಾತಿನಲ್ಲಿ ಮುಗಿಸುತ್ತಾರೆ. ದನಿ ಎಷ್ಟು ಮೆತ್ತಗೆ! ನಮ್ಮ ಕಡೆ ಅಡಕೆ ಮಂಡಿಯಲ್ಲಿ ರೇಟು ಕೇಳಿದರೆ ಹಳೇ ಸಾಹುಕಾರರು ತಲೆ ಎತ್ತದೆ ಉತ್ತರ ಹೇಳುತ್ತಿದ್ದರಲ್ಲ, ಹಾಗೆ. ಸಿನಿಮಾದ ಗಾಂಧಿ, ನಾಟಕದ ಗಾಂಧಿ ಎಲ್ಲ ನೋಡಿದ ಮೇಲೆ ಆ ನಿಜವಾದ ಮನುಷ್ಯನನ್ನು ನೋಡಿ ನನಗೆ ಒಂಥರಾ ನಾಚಿಕೆಯಾಯಿತು. ಇಷ್ಟು ದಿನ ಬೇರೆ ಯಾರನ್ನೋ ಗಾಂಧಿ ಅಂದುಕೊಂಡಿದ್ದೆ.

ಅದೇ ಗಾಂಧಿ 1927ರಲ್ಲಿ ನಮ್ಮ ಸಾಗರಕ್ಕೂ ಬಂದಿದ್ದರು. ಜೊತೆಗಿದ್ದ ಕಾಕಾ ಕಾಲೇಲ್ಕರ್, ಇಷ್ಟು ಹತ್ತಿರ ಬಂದಿದ್ದೇವೆ, ಜೋಗ ನೋಡಿಬರೋಣ ಅಂತ ಎಷ್ಟು ಹೇಳಿದರೂ ಗಾಂಧಿ ಹೊರಡಲಿಲ್ಲವಂತೆ. ಜಲಪಾತ ಅಷ್ಟು ಎತ್ತರದಿಂದ ಬೀಳುತ್ತದೆ ಅಂದರೆ, ಮಳೆ ಅದಕ್ಕಿಂತ ಎತ್ತರದಿಂದ ಬೀಳುವುದಿಲ್ಲವೇ ಅಂದರಂತೆ. ಮಲೆನಾಡಿನವನಾಗಿ ನನಗೆ ಈ ಮಾತು ಪೂರಾ ಒಪ್ಪಿಗೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಅದನ್ನೇ ನೋಡಿಕೊಂಡು ಇದ್ದೇವೆ. ಕಾಲೇಲ್ಕರ್ ಬರೆದಿಟ್ಟರು, ಮಾತು ಉಳಿಯಿತು. ಹೇಳುವಾಗ ಗಾಂಧಿ ನಗುತ್ತಿದ್ದರೋ ಬೇಜಾರಾಗಿದ್ದರೋ ಅದು ಮಾತ್ರ ಹೋಯಿತು. ಸಾಕ್ಷ್ಯಚಿತ್ರ ಕೊಡುವುದು ಅದನ್ನು. ಪುಸ್ತಕ ಹೇಳಿದ್ದನ್ನೇ ಚಿತ್ರವೂ ಹೇಳುವುದಾದರೆ ಪುಸ್ತಕವೇ ಸಾಕು, ಖರ್ಚೂ ಕಮ್ಮಿ.

ನಮ್ಮ ಕಾಲದಲ್ಲಿ ಸಾಕ್ಷ್ಯಚಿತ್ರ ಅಂದರೆ ಟಾಕೀಸಿನ ನ್ಯೂಸ್‌ರೀಲ್. 1948ರಲ್ಲಿ ಸರ್ಕಾರ ಫಿಲಂಸ್ ಡಿವಿಜನ್ ಶುರು ಮಾಡಿತ್ತು. ಮುಖ್ಯ ಚಿತ್ರಕ್ಕೆ ಮೊದಲು ಅವರ ರೀಲು ತೋರಿಸಲೇಬೇಕು ಅನ್ನುವ ಕಾನೂನು. ಜನರಿಗೆ ಅದು ಶೇಂಗಾ ಕೊಳ್ಳುವ ಹೊತ್ತು, ಲೇಟಾಗಿ ಬಂದವರು ಸೀಟು ತಡಕಾಡುವ ಹೊತ್ತು. ಹುಡುಗನಾಗಿದ್ದಾಗ ನಾನು ಮಾತ್ರ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಬಿಹಾರದ ನೆರೆ, ದೆಹಲಿಯ ಪರೇಡು, ಯಾವುದೋ ದೇಶದ ರಾಜ, ಕೊನೆಗೆ ಕ್ರಿಕೆಟ್ಟು. ಅಣೆಕಟ್ಟೆಗಳಂತೂ ಪದೇ ಪದೇ. ದೊಡ್ಡ ದೊಡ್ಡ ಗೇಟು ಮೇಲೇಳುವುದು, ಬಿಳೀ ನೊರೆ ನುಗ್ಗುವುದು, ಮಂತ್ರಿಗಳು ಚಪ್ಪಾಳೆ ತಟ್ಟುವುದು.

ಅಣೆಕಟ್ಟೆ ಬಂದ ಕೂಡಲೇ ನಮ್ಮ ಅಪ್ಪ ಎದ್ದು ಹೊರಗೆ ಹೋಗಿ ಬೀಡಿ ಹಚ್ಚುತ್ತಿದ್ದ. ನನಗೆ ಆಗ ಅರ್ಥವಾಗುತ್ತಿರಲಿಲ್ಲ.

ನಾವು ಮುಳುಗಡೆಯವರು. ಈ ಒಂದು ಪದ ಹೇಳಿದರೆ ಸಾಗರ, ಹೊಸನಗರದ ಕಡೆ ಮತ್ತೇನೂ ವಿವರಿಸಬೇಕಾಗಿಲ್ಲ. ಲಿಂಗನಮಕ್ಕಿ ಅಣೆಕಟ್ಟೆ 1964ರಲ್ಲಿ ಮುಗಿಯಿತು. ಶರಾವತಿ ಕಣಿವೆಯ ಸಾವಿರಾರು ಕುಟುಂಬಗಳ ಮನೆ, ಗದ್ದೆ, ತೋಟ ನೀರಿನಡಿ ಹೋಯಿತು. ನನಗಾಗ ನಾಲ್ಕು ವರ್ಷ. ನೆನಪಿರುವುದು ಲಾರಿಯ ಮೇಲೆ ಬಚ್ಚಲ ಹಂಡೆಯೊಳಗೆ ನನ್ನನ್ನು ಕೂರಿಸಿದ್ದು ಮಾತ್ರ. ಹಂಡೆಯೊಳಗೆ ಕೂತವನಿಗೆ ಕಾಣುವುದು ಆಕಾಶ ಒಂದೇ. ಹಾಗಾಗಿ ನಮ್ಮೂರು ನೀರಿಗೆ ಹೋದದ್ದನ್ನು ನಾನು ನೋಡಿಲ್ಲ ಅಂತಲೇ ಹೇಳಬೇಕು.

ನೋಡಿದವಳು ನಮ್ಮ ದೊಡ್ಡಮ್ಮ. ಅವರ ಕುಟುಂಬವನ್ನು ಶಿವಮೊಗ್ಗ ತಾಲ್ಲೂಕಿನ ಒಂದು ಕಾಡಂಚಿಗೆ ತಂದು ಬಿಟ್ಟಿದ್ದರು. 1993ರಲ್ಲಿ ಅತ್ತ ಕಡೆ ಒಂದು ಮದುವೆಗೆ ಹೋದವನು, ಕ್ಯಾಮೆರಾ ಹೇಗೂ ಇದೆ, ಬ್ಯಾಟರಿಯೂ ಉಳಿದಿದೆ ಅಂತ ದೊಡ್ಡಮ್ಮನ ಮನೆಗೆ ಹೋದೆ. ಜಗಲಿಯಲ್ಲಿ ಮೆಟ್ಟುಗತ್ತಿ ಹಾಕಿಕೊಂಡು ಅಡಕೆ ಸುಲಿಯುತ್ತಾ ಕೂತಿದ್ದಳು. ‘ಎಂತ ಮಾರಾಯ, ನನ್ನ ಮದುವೆ ಮಾಡ್ತ್ಯಾ ಈಗ?’ ಅಂದಳು. ಸುಮ್ನೆ ಹಳೇ ಮನೆ ಬಗ್ಗೆ ಹೇಳು ಅಂದೆ. ಮಧ್ಯಾಹ್ನದಿಂದ ದೀಪ ಹಚ್ಚುವ ತನಕ ಹೇಳಿದಳು. ಎರಡೂವರೆ ತಾಸಿನ ಮೇಲೆ ಆಯಿತು. ಊರಿನ ಪ್ರತಿ ಮನೆ, ಯಾರ ಕೊಟ್ಟಿಗೆಯಲ್ಲಿ ಎಷ್ಟು ಎಮ್ಮೆ, ಯಾವ ಗದ್ದೆಗೆ ಏನು ಹೆಸರು, ಭೂಮಿ ಹುಣ್ಣಿಮೆಗೆ ಚರಗ ಬೀರಲು ಯಾವ ದಾರಿಯಲ್ಲಿ ಹೋಗುತ್ತಿದ್ದರು, ಎಲ್ಲ.

ಈಗ ನನ್ನ ತಪ್ಪು ಹೇಳುತ್ತೇನೆ. ವಿಎಚ್‌ಎಸ್ ಕ್ಯಾಸೆಟ್ಟಿನ ಬೆನ್ನಿಗೆ ಒಂದು ಮೂಲೆಯಲ್ಲಿ ಉಗುರಿನಷ್ಟು ಪ್ಲಾಸ್ಟಿಕ್ ಚಕ್ಕೆ ಇರುತ್ತದೆ. ಅದನ್ನು ಸ್ಕ್ರೂಡ್ರೈವರಿನಲ್ಲಿ ಮುರಿದುಬಿಟ್ಟರೆ ಅದರ ಮೇಲೆ ಇನ್ನೊಂದು ರೆಕಾರ್ಡ್ ಆಗುವುದಿಲ್ಲ. ಗಿರಾಕಿಗಳ ಕ್ಯಾಸೆಟ್ಟಿನ ಚಕ್ಕೆಯನ್ನು ನಾನು ಮರೆಯದೆ ಮುರಿಯುತ್ತಿದ್ದೆ. ದೊಡ್ಡಮ್ಮನದ್ದು ಮನೆಯದ್ದಲ್ವಾ, ಆಮೇಲೆ ಮಾಡಿದರಾಯಿತು ಅಂತ ಬಿಟ್ಟೆ. 1995ರ ಮೇ ತಿಂಗಳು, ಒಂದೇ ದಿನ ಮೂರು ಮುಹೂರ್ತ, ಹೊಸ ಕ್ಯಾಸೆಟ್ ಸಾಲಲಿಲ್ಲ. ಅಂಗಡಿಯ ಹುಡುಗ ಕಪಾಟಿನಲ್ಲಿ ಚೀಟಿ ಇಲ್ಲದ ಕ್ಯಾಸೆಟ್ ಕಂಡು ಹಾಕಿಕೊಂಡು ಹೋದ. ಅವನದ್ದೇನೂ ತಪ್ಪಿಲ್ಲ. ಚೀಟಿ ಅಂಟಿಸದವನು ನಾನು, ಚಕ್ಕೆ ಮುರಿಯದವನೂ ನಾನು. ನಮ್ಮ ಊರಿನ ಮೇಲೆ ಯಾರದೋ ಗೃಹಪ್ರವೇಶ ಕೂತಿತು. ಮನೆ ಕಳಕೊಂಡವಳ ಮಾತಿನ ಮೇಲೆ ಹೊಸ ಮನೆಗೆ ಹಸು ನುಗ್ಗಿಸುವ ಚಿತ್ರ.

ಉಳಿದದ್ದು ಕೊನೆಯ ನಾಲ್ಕು ನಿಮಿಷ. ಪೂಜೆಯ ಹೊಗೆ, ಅಡುಗೆಯವರು, ಉಡುಗೊರೆ ಕೊಡುವವರ ಸಾಲು, ಪಟ್ ಅಂತ ಪರದೆ ಒಂದು ಸಲ ಅದುರಿ ದೊಡ್ಡಮ್ಮ ಬರುತ್ತಾಳೆ.

ಆ ನಾಲ್ಕು ನಿಮಿಷದಲ್ಲಿ ಏನಿದೆ ಅಂತ ಹೇಳಲೇಬೇಕು. ಅಡಕೆ ಸುಲಿಯುವ ಸದ್ದು ಇದೆ. ಕಚ್ ಅಂತ ಸಿಪ್ಪೆ ಬಿಡುವುದು, ಟಣ್ ಅಂತ ಅಡಕೆ ಪಾತ್ರೆಗೆ ಬೀಳುವುದು. ಒಂದೇ ಲಯ. ನಾನು ಕ್ಯಾಮೆರಾ ಹಿಂದಿನಿಂದ ಕೇಳುತ್ತೇನೆ, ‘ಮನೆಯಿಂದ ಕೊನೆಗೆ ಎಂತ ತಂದ್ರಿ ದೊಡ್ಡಮ್ಮ?’

ಕೈ ನಿಲ್ಲುತ್ತದೆ. ಸದ್ದು ನಿಲ್ಲುತ್ತದೆ. ಎಷ್ಟು ಹೊತ್ತು ಅಂತ ನಾನು ಅಳೆದಿದ್ದೇನೆ, ಹನ್ನೊಂದು ಸೆಕೆಂಡು. ಆಮೇಲೆ, ‘ಬಾಗಿಲು’ ಅನ್ನುತ್ತಾಳೆ. ‘ನಿಮ್ಮ ದೊಡ್ಡಪ್ಪ ಬಾಗಿಲು ಕಿತ್ಗಂಡು ಬಂದ್ರು. ಹಲಸಿನ ಮರದ್ದು. ಇಲ್ಲಿ ಬಂದು ನೋಡಿದ್ರೆ ಬಾಗಿಲು ಇತ್ತು, ಮನೆ ಇರಲಿಲ್ಲ. ಆ ಮಳೆಗಾಲ ಪೂರಾ ಅದನ್ನ ಮತ್ತಿ ಮರಕ್ಕೆ ಒರಗಿಸಿ ಇಟ್ಟಿದ್ವಿ.’ ಮತ್ತೆ ಕಚ್, ಟಣ್. ‘ಗೋಡೆ ಮೇಲೆ ಚಿತ್ತಾರ ಬರೆದಿದ್ದೆ ನಾನು, ನಿಮ್ಮ ಚಿಕ್ಕಪ್ಪನ ಮದುವೆಗೆ. ಚಿತ್ತಾರ ಹೊತ್ಗಂಡು ಬರಕ್ಕೆ ಆಗತ್ತಾ?’ ಅಂದು ನಗುತ್ತಾಳೆ. ಹಿಂದೆ ಕರು ಕೂಗುತ್ತದೆ. ಕ್ಯಾಸೆಟ್ ಮುಗಿಯುತ್ತದೆ.

ದೊಡ್ಡಮ್ಮ 2001ರಲ್ಲಿ ತೀರಿಕೊಂಡಳು. ಬಾಗಿಲು ಈಗಲೂ ಆ ಮನೆಯಲ್ಲಿದೆ. ಅವರ ಜಾಗಕ್ಕೆ ಹಕ್ಕುಪತ್ರ ಇನ್ನೂ ಸಿಕ್ಕಿಲ್ಲ, ಅದು ಬೇರೆ ಪತ್ರಕ್ಕೆ ಆಗುವಷ್ಟು ದೊಡ್ಡ ಕತೆ.

ನಾನು ಈಗಿನ ಚಿತ್ರ ಮಾಡುವ ಹುಡುಗರಿಗೆ ಹೇಳುವುದು ಆ ಹನ್ನೊಂದು ಸೆಕೆಂಡಿನ ಬಗ್ಗೆ. ಅವರ ಕೈಗೆ ಕೊಟ್ಟರೆ ಮೊದಲು ಅದನ್ನೇ ಕತ್ತರಿಸುತ್ತಾರೆ. ‘ಅಂಕಲ್, ಇಲ್ಲಿ ಗ್ಯಾಪ್ ಇದೆ’ ಅಂತಾರೆ. ನಿಜವಾಗಿಯೂ ಹಾಗೆ ಆಗಿದೆ. ನನ್ನ ಪರಿಚಯದ ಹುಡುಗನೊಬ್ಬ ಆ ತುಣುಕು ಕೇಳಿ ಪಡೆದು, ಗ್ಯಾಪ್ ತೆಗೆದು, ಕೊಳಲಿನ ಸಂಗೀತ ತುಂಬಿ, ಹಿನ್ನೀರಿನ ಮೇಲೆ ಸೂರ್ಯ ಮುಳುಗುವ ಡ್ರೋನ್ ಶಾಟ್ ಸೇರಿಸಿ ಕಳಿಸಿದ. ನೋಡಲು ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಅಡಕೆ ಸದ್ದು ಮಾತ್ರ ಇರಲಿಲ್ಲ. ದೊಡ್ಡಮ್ಮ ಯಾರೋ ಟಿವಿ ಧಾರಾವಾಹಿಯ ಅಜ್ಜಿ ಆಗಿಬಿಟ್ಟಿದ್ದಳು.

ಬೇಸಿಗೆಯಲ್ಲಿ ನೀರು ಇಳಿದಾಗ ಹಿರೇಭಾಸ್ಕರ ಅಣೆಕಟ್ಟೆ ಮೇಲೆ ಕಾಣುತ್ತದೆ. ಲಿಂಗನಮಕ್ಕಿಗಿಂತ ಮೊದಲು ಮಡೆನೂರಿನ ಹತ್ತಿರ ಕಟ್ಟಿದ್ದ ಅಣೆಕಟ್ಟೆ ಅದು. ಹೊಸ ಅಣೆಕಟ್ಟೆಯ ನೀರಿನಲ್ಲಿ ಹಳೇ ಅಣೆಕಟ್ಟೆಯೇ ಮುಳುಗಿತು. ಮಳೆ ಕೈಕೊಟ್ಟ ವರ್ಷ ಅಲ್ಲಿ ಜಾತ್ರೆಯಷ್ಟು ಜನ. ಎಲ್ಲರ ಕೈಯಲ್ಲೂ ಮೊಬೈಲು, ರೀಲ್ಸ್. ಅದನ್ನು ಬೈಯಲು ನನಗೆ ಮನಸ್ಸಿಲ್ಲ, ಹೋದವನು ನಾನೂ ಫೋಟೋ ತೆಗೆದುಕೊಂಡೆ. ಆದರೆ ಅಣೆಕಟ್ಟೆಯ ನೀರು ಹೊರಬಿಡುವ ಆ ಸೈಫನ್ನುಗಳ ಮುಂದೆ ಕೈ ಅಗಲಿಸಿ ನಿಲ್ಲುವ ಮಕ್ಕಳಲ್ಲಿ ಒಬ್ಬರಾದರೂ ಪಕ್ಕದಲ್ಲಿ ಕಡಲೆ ಮಾರುತ್ತಿದ್ದ ಮುದುಕನನ್ನು ‘ಅಜ್ಜ, ನಿಮ್ಮೂರು ಯಾವ ಕಡೆ ಇತ್ತು?’ ಅಂತ ಕೇಳಲಿಲ್ಲ. ನಾನು ಕೇಳಿದೆ. ಅವನು ನೀರಿನ ಕಡೆ ಬೆರಳು ಮಾಡಿ ‘ಅಗಾ, ಆ ಒಣ ಬೊಡ್ಡೆ ಕಾಣ್ತದಲ, ಅದು ನಮ್ಮ ಹಿತ್ಲು’ ಅಂದ. ಮೊಬೈಲ್ ತೆಗೆಯುವಷ್ಟರಲ್ಲಿ ಬ್ಯಾಟರಿ ಸತ್ತಿತ್ತು. ಇದು ನನ್ನ ಎರಡನೇ ತಪ್ಪು.

ಒಳ್ಳೆಯದನ್ನೂ ಹೇಳಬೇಕು. ನಾನು ತೆಗೆದ ಮದುವೆ ಕ್ಯಾಸೆಟ್ಟುಗಳೇ ಈಗ ಒಂದು ಥರ ಸಾಕ್ಷ್ಯಚಿತ್ರ ಆಗಿಬಿಟ್ಟಿವೆ. ಶರಾವತಿ ಹಿನ್ನೀರಿನ ಆಚೆಗಿನ ತುಮರಿ, ಬ್ಯಾಕೋಡು ಕಡೆಯ ಮದುವೆ ಅಂದರೆ ದಿಬ್ಬಣ ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತಲೇಬೇಕಿತ್ತು. ಮದುಮಗ ಬಾಸಿಂಗ ಕಟ್ಟಿಕೊಂಡು ಬಿಸಿಲಿನಲ್ಲಿ ಲಾಂಚಿಗೆ ಕಾಯುವುದು, ಬಸ್ಸು ಹಿಂದೆ ಹಿಂದೆ ಬಂದು ಹಲಗೆ ಹತ್ತುವುದು, ಹಗ್ಗ ಎಸೆಯುವವನ ಕೂಗು, ಎಂಜಿನ್ನಿನ ಹೊಗೆ. ಕ್ಯಾಮೆರಾ ಹಚ್ಚಿಕೊಂಡೇ ಇರುತ್ತಿದ್ದೆ. ಗಿರಾಕಿಗಳು ‘ಇದೆಲ್ಲ ಯಾಕೆ, ತೆಗೆದುಹಾಕಿ, ಊಟದ್ದು ಜಾಸ್ತಿ ಇರಲಿ’ ಅಂತಿದ್ದರು. ಅವರ ಪ್ರತಿಯಿಂದ ತೆಗೆದುಹಾಕಿದೆ. ಮೂಲ ಕ್ಯಾಸೆಟ್ ಎಸೆಯಲಿಲ್ಲ, ಅದು ಜಿಪುಣತನದಿಂದ. 2025ರ ಜುಲೈ 14ಕ್ಕೆ ಅಲ್ಲಿ ಹಿನ್ನೀರಿನ ಮೇಲಿನ ಸೇತುವೆ ಉದ್ಘಾಟನೆ ಆಯಿತು. ಆ ಸೇತುವೆಗಾಗಿ ಆ ಕಡೆಯ ಜನ ಪಟ್ಟ ಪಾಡು ನನಗೆ ಗೊತ್ತು. ರಾತ್ರಿ ಹೊತ್ತು ಹೆರಿಗೆ ನೋವು ಬಂದರೆ ಲಾಂಚ್ ಇಲ್ಲ ಅನ್ನುವುದರ ಅರ್ಥ ಏನು ಅಂತ ಪೇಟೆಯವರಿಗೆ ಹೇಳಿ ಪ್ರಯೋಜನವಿಲ್ಲ. ಸೇತುವೆ ಬಂದದ್ದು ಒಳ್ಳೆಯದೇ ಆಯಿತು. ಆದರೆ ಮೊನ್ನೆ ಆ ಕಡೆಯ ಒಬ್ಬ ಮದುಮಗ, ಈಗ ಐವತ್ತೈದರವನು, ಹುಡುಕಿಕೊಂಡು ಬಂದು ಕೇಳಿದ, ‘ನಮ್ಮ ಮದುವೆ ಕ್ಯಾಸೆಟ್ಟಿನ ಲಾಂಚಿನ ಭಾಗ ಇದೆಯಾ?’ ಮಂಟಪದ್ದು ಬೇಡವಂತೆ, ಲಾಂಚಿನದ್ದು ಬೇಕಂತೆ. ಅದರಲ್ಲಿ ಅವನ ತೀರಿಹೋದ ತಂಗಿ ರೇಲಿಂಗಿಗೆ ಒರಗಿ ನಿಂತು ನೀರಿಗೆ ಬಾಳೆಹಣ್ಣಿನ ಸಿಪ್ಪೆ ಎಸೆಯುತ್ತಾಳೆ. ಮೂರು ಸಲ ಹಿಂದೆ ಮುಂದೆ ಮಾಡಿಸಿ ನೋಡಿದ.

ನ್ಯೂಸ್‌ರೀಲಿನ ವಿಷಯದಲ್ಲೂ ನನ್ನ ಅಭಿಪ್ರಾಯ ಹಾಗೇ ಬದಲಾಗಿದೆ. ಅಪ್ಪನ ಬೀಡಿಯ ಕಾರಣಕ್ಕೆ ತುಂಬಾ ವರ್ಷ ಅದರ ಮೇಲೆ ಸಿಟ್ಟಿತ್ತು. ಈಗ ಆ ಹಳೇ ರೀಲು ಎಲ್ಲಾದರೂ ಕಂಡರೆ ನಾನು ಮಂತ್ರಿಯನ್ನು ನೋಡುವುದಿಲ್ಲ, ಹಿಂದೆ ತಲೆ ಮೇಲೆ ಕಲ್ಲು ಹೊತ್ತು ಹೋಗುವ ಹೆಂಗಸನ್ನು ನೋಡುತ್ತೇನೆ. ಒಂದು ಕ್ಷಣ ಕ್ಯಾಮೆರಾ ಕಡೆ ತಿರುಗಿ ಹೋಗಿಬಿಡುತ್ತಾಳೆ. ಅವಳನ್ನು ತೆಗೆಯಬೇಕು ಅಂತ ಯಾರೂ ಹೊರಟಿರಲಿಲ್ಲ, ಸಿಕ್ಕಿಬಿದ್ದಳು ಅಷ್ಟೇ. ಎಲ್ಲವೂ ಸರ್ಕಾರದ ತುತ್ತೂರಿ ಆಗಿರಲೂ ಇಲ್ಲ. ಅದೇ ಫಿಲಂಸ್ ಡಿವಿಜನ್ನಿನಲ್ಲಿದ್ದ ಎಸ್.ಎನ್.ಎಸ್. ಶಾಸ್ತ್ರಿ 1967ರಲ್ಲಿ ಒಂದು ಕೆಲಸ ಮಾಡಿದರು. ಸ್ವಾತಂತ್ರ್ಯ ಬಂದ ವರ್ಷ ಹುಟ್ಟಿ, ಇಪ್ಪತ್ತು ತುಂಬಿದ ಹುಡುಗ ಹುಡುಗಿಯರ ಎದುರು ಕ್ಯಾಮೆರಾ ಇಟ್ಟು ದೇಶದ ಬಗ್ಗೆ ನಿಮಗೆ ಏನನ್ನಿಸುತ್ತದೆ ಅಂತ ಕೇಳಿದರು. ಕೆಲವರು ಕನಸು ಹೇಳಿದರು, ಕೆಲವರು ಮುಲಾಜಿಲ್ಲದೆ ಬೇಜಾರು ಹೇಳಿದರು. ಶಾಸ್ತ್ರಿಯವರು ಎರಡನ್ನೂ ಇಟ್ಟರು. ಅಷ್ಟು ಸಲೀಸು ಅದು. ಒಂದು ಪ್ರಶ್ನೆ, ಕೇಳುವ ತಾಳ್ಮೆ.

ನಮ್ಮ ಜಿಲ್ಲೆಯಲ್ಲಿ ಕೇಳಬೇಕಾದ್ದು ಎಷ್ಟಿದೆ! ಕಾಗೋಡು ಸತ್ಯಾಗ್ರಹ, ಗೇಣಿ ಒಕ್ಕಲುಗಳ ಹೋರಾಟ, 1951ರದ್ದು. ಎಚ್. ಗಣಪತಿಯಪ್ಪ ಒಕ್ಕಲುಗಳನ್ನು ಕಟ್ಟಿ ನಿಲ್ಲಿಸಿದರು, ಸಮಾಜವಾದಿ ನಾಯಕರಾದ ಗೋಪಾಲಗೌಡರು ಬಂದರು, ಲೋಹಿಯಾ ಬಂದು ಬಂಧನಕ್ಕೊಳಗಾದರು. ಭಾಷಣಗಳಲ್ಲಿ ಇದನ್ನು ಪ್ರತಿ ಚುನಾವಣೆಗೆ ಕೇಳುತ್ತೇವೆ. ಆದರೆ ಜಗಳದ ಮೂಲದಲ್ಲಿದ್ದದ್ದು ಕೊಳಗ. ಭತ್ತ ಅಳೆಯುವ ಕೊಳಗಕ್ಕೆ ಎಷ್ಟು ಸೇರು ಅನ್ನುವುದು. ಒಡೆಯರು ಕೊಡುವಾಗ ಒಂದು ಅಳತೆ, ಗೇಣಿ ಅಳೆಸಿಕೊಳ್ಳುವಾಗ ಇನ್ನೊಂದು. ಇದನ್ನು ಮಾತಿನಲ್ಲಿ ಎಷ್ಟು ಹೇಳಿದರೂ ನನ್ನ ಮೊಮ್ಮಗನಿಗೆ ತಲೆಗೆ ಹೋಗಲಿಲ್ಲ. ಎರಡು ಕೊಳಗ ಅಕ್ಕಪಕ್ಕ ಇಟ್ಟು, ಒಬ್ಬ ಮುದುಕ ‘ಲಾಭ, ಎರಡು, ಮೂರು’ ಅಂತ ಎಣಿಸುತ್ತಾ ಭತ್ತ ಸುರಿಯುವುದನ್ನು ತೋರಿಸಿ. ಅರ್ಧ ನಿಮಿಷ ಸಾಕು. ಹಾಗೆ ಎಣಿಸಲು ಬರುವವರು, ಆ ಧಾಟಿ ಗೊತ್ತಿರುವವರು ಈಗ ಎಂಬತ್ತೈದು ದಾಟಿದ್ದಾರೆ. ಮಳೆಗಾಲಕ್ಕೊಬ್ಬರು ಅನ್ನುವ ಹಾಗೆ ಹೋಗುತ್ತಿದ್ದಾರೆ.

ಆದ್ದರಿಂದ ನನ್ನ ಕೋರಿಕೆ ಇದು. ನಮ್ಮ ಜಿಲ್ಲೆಯ ಕಾಲೇಜುಗಳಲ್ಲಿ, ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದುವ ಮಕ್ಕಳಿದ್ದಾರೆ. ಒಬ್ಬೊಬ್ಬರಿಗೆ ಒಬ್ಬೊಬ್ಬ ಮುದುಕರನ್ನು ಹಂಚಿಬಿಡಿ. ಡ್ರೋನ್ ಬೇಡ. ಮೊಬೈಲ್ ಅಡ್ಡ ಹಿಡಿಯಲಿ, ಯಾವುದಕ್ಕಾದರೂ ಒರಗಿಸಿ ಇಡಲಿ. ಸಂದರ್ಶನ ಅನ್ನಬಾರದು, ಸಂದರ್ಶನ ಅಂದರೆ ನಮ್ಮವರು ಶರ್ಟ್ ಬದಲಿಸಿ ಬಂದು ಭಾಷಣ ಮಾಡುತ್ತಾರೆ. ಕೈಗೆ ಕೆಲಸ ಇರುವಾಗ ಮಾತಾಡಿಸಿ. ಅಡಕೆ ಸುಲಿಯುತ್ತಾ, ಹೂವು ಕಟ್ಟುತ್ತಾ, ಎಲೆ ಅಡಕೆ ಹಾಕಿಕೊಳ್ಳುತ್ತಾ. ಅವರು ಸುಮ್ಮನಾದರೆ ನೀವೂ ಸುಮ್ಮನಿರಿ. ಮಧ್ಯೆ ‘ಹೌದಾ, ಸೂಪರ್’ ಅನ್ನಬೇಡಿ. ಮುಗಿದ ಮೇಲೆ ಹೆಸರು, ಊರು, ತಾರೀಖು ಕ್ಯಾಮೆರಾಕ್ಕೇ ಹೇಳಿಬಿಡಿ, ಚೀಟಿ ಉದುರಿದರೂ ಅದು ಉಳಿಯುತ್ತದೆ. ಎರಡು ಕಡೆ ಪ್ರತಿ ಇಡಿ. ವಾಟ್ಸಾಪಿನಲ್ಲಿ ಕಳಿಸಿ ಮೂಲ ಅಳಿಸಬೇಡಿ, ಅದು ಚಿತ್ರವನ್ನು ಹಿಂಡಿ ಕಳಿಸುತ್ತದೆ. ಈ ಪ್ರತಿಗಳನ್ನೆಲ್ಲ ಇಡಲು ತಾಲ್ಲೂಕು ಗ್ರಂಥಾಲಯದಲ್ಲಿ ಒಂದು ಕಪಾಟು, ಒಂದು ಕಂಪ್ಯೂಟರ್ ಸಾಕು.

ಪತ್ರ ಉದ್ದವಾಯಿತು, ಕತ್ತರಿಸುವ ಹಕ್ಕು ನಿಮ್ಮದು. ಟ್ರಾಮ್ ಮಾತ್ರ ಬಿಡಬೇಡಿ.

ಇನ್ನೊಂದು. ನನ್ನ ಹತ್ತಿರ ಕ್ಯಾಸೆಟ್ ಹಾಕಿ ನೋಡುವ ಹಳೇ ವಿಸಿಆರ್ ಒಂದು ಇನ್ನೂ ಓಡುತ್ತಿದೆ. ಬೆಲ್ಟ್ ಬದಲಿಸಿದ್ದೇನೆ, ಟೇಪ್ ಓದುವ ಹೆಡ್ ಚೆನ್ನಾಗಿದೆ. ಸಾಗರದ ಆಸುಪಾಸಿನವರ ಮನೆಯಲ್ಲಿ ಹಳೇ ಕ್ಯಾಸೆಟ್ ಇದ್ದರೆ, ಅದರಲ್ಲಿ ಹಿರಿಯರ ದನಿ ಇದ್ದರೆ, ತಂದುಕೊಟ್ಟರೆ ಕಂಪ್ಯೂಟರಿಗೆ ಹಾಕಿಕೊಡುತ್ತೇನೆ. ದುಡ್ಡು ಬೇಡ. ಆದರೆ ಅಟ್ಟದಿಂದ ಇಳಿಸಿದ ಕೂಡಲೇ ಹಾಕಿ ನೋಡಲು ಹೋಗಬೇಡಿ. ಕಿಟಕಿಯಲ್ಲಿ ನೋಡಿ, ಟೇಪಿನ ಸುರುಳಿಯ ಮೇಲೆ ಬಿಳಿ ಪುಡಿ ಕಂಡರೆ ಅದು ಬೂಸ್ಟು. ಹಾಗೇ ಓಡಿಸಿದರೆ ಟೇಪೂ ಹೋಗುತ್ತದೆ, ಹೆಡ್ಡೂ ಹೋಗುತ್ತದೆ. ಬಟ್ಟೆಯಲ್ಲಿ ಸುತ್ತಿ ಹಾಗೇ ತನ್ನಿ. ಬರುವ ಮೊದಲು ಬೆನ್ನಿನ ಮೂಲೆಯ ಆ ಚಕ್ಕೆ ಮುರಿದಿದೆಯಾ ನೋಡಿ, ಇಲ್ಲದಿದ್ದರೆ ಮುರಿದುಕೊಂಡೇ ಬನ್ನಿ.

ಇತಿ,
ನಿಮ್ಮ ಹಳೇ ಓದುಗ,
ಅಂಗಡಿ ಮುಚ್ಚಿದ ಒಬ್ಬ ವೀಡಿಯೋದವ,
ಸಾಗರ, ಶಿವಮೊಗ್ಗ ಜಿಲ್ಲೆ